ಮಷೀನಿನ 30 ಕಿಲೋ, ಕೈಯ 5 ಕಿಲೋ

ಪ್ರಶ್ನೆ: ನನಗೆ 57 ವರ್ಷ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮೂಳೆಯ ಸಾಂದ್ರತೆ ಕಡಿಮೆಯಾಗಿದೆ, ಭಾರ ಎತ್ತುವ ವ್ಯಾಯಾಮ ಮಾಡಿ ಎಂದು ಡಾಕ್ಟರು ಹೇಳಿದ್ದರಿಂದ ಬಡಾವಣೆಯ ಜಿಮ್ಮಿಗೆ ಸೇರಿಕೊಂಡೆ. ಟ್ರೈನರ್ ಹುಡುಗ ‘ಮೇಡಂ, ನಿಮಗೆ ಇದೇ ಸೇಫು’ ಎಂದು ಒಂದಾದ ಮೇಲೊಂದು ಮಷೀನಿನಲ್ಲಿ ಕೂರಿಸುತ್ತಾನೆ. ಮಗ ಮಾತ್ರ ‘ಅಮ್ಮಾ, ಮಷೀನಿನಿಂದ ಏನೂ ಆಗಲ್ಲ, ರಾಡು ಹಿಡಿ’ ಅನ್ನುತ್ತಾನೆ. ಯಾರ ಮಾತು ಕೇಳಲಿ? ಇನ್ನೊಂದು ಅನುಮಾನ: ಮಷೀನಿನಲ್ಲಿ ಕೂತು 30 ಕಿಲೋ ಕೆಳಗೆಳೆಯುವ ನನಗೆ ಕೈಗೊಂದರಂತೆ 5 ಕಿಲೋ ಡಂಬೆಲ್ ತಲೆಯ ಮೇಲಕ್ಕೆ ಎತ್ತಲು ಆಗುವುದಿಲ್ಲ. ಇದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಎರಡನೆಯ ಅನುಮಾನದಿಂದಲೇ ಶುರು ಮಾಡುತ್ತೇನೆ. ಮೊದಲನೆಯದಕ್ಕೆ ಬೇಕಾದ ಉತ್ತರ ಹೆಚ್ಚುಕಡಿಮೆ ಅದರೊಳಗೇ ಇದೆ.

ಮಷೀನಿನ ಕಬ್ಬಿಣದ ಪಟ್ಟಿಗಳ ಮೇಲೆ ಬರೆದಿರುವ ಅಂಕಿಗೆ ಆ ಮಷೀನಿನಾಚೆ ಅರ್ಥವಿಲ್ಲ. ಕೇಬಲ್ ರಾಟೆಗಳನ್ನು ಹೇಗೆ ಸುತ್ತಿ ಬರುತ್ತದೆ ಎನ್ನುವುದರ ಮೇಲೆ ನಿಮ್ಮ ಕೈಗೆ ಬರುವ ಭಾರ ನಿಂತಿದೆ. ರಾಟೆ ತೂಕದ ಜೊತೆಗೇ ಮೇಲೆ ಕೆಳಗೆ ಓಡಾಡುವಂತೆ ಜೋಡಿಸಿದ್ದರೆ 30 ಕಿಲೋಗೆ ಪಿನ್ ಸಿಕ್ಕಿಸಿದರೂ ನೀವು ಎಳೆಯುವುದು 15 ಕಿಲೋ. ಅದಕ್ಕೆ ಪ್ರತಿಯಾಗಿ ಕೈ ಎರಡರಷ್ಟು ದೂರ ಎಳೆಯಬೇಕಾಗುತ್ತದೆ. ಕಾಲಿನಿಂದ ತಳ್ಳುವ ಓರೆ ಲೆಗ್ ಪ್ರೆಸ್ಸಿನಲ್ಲಿ ಹಳಿ 45 ಡಿಗ್ರಿಯಲ್ಲಿದ್ದರೆ 100 ಕಿಲೋ ಪ್ಲೇಟು ಹಾಕಿದಾಗ ಕಾಲಿಗೆ ಬೀಳುವುದು ಸುಮಾರು 70 ಕಿಲೋ. ಅದರ ಮೇಲೆ ಬಂಡಿಯ ಸ್ವಂತ ತೂಕವನ್ನು ಎಲ್ಲೂ ಬರೆದಿರುವುದೇ ಇಲ್ಲ. ಹಾಗಾಗಿ ಒಂದು ಜಿಮ್ಮಿನ 30ನ್ನು ಇನ್ನೊಂದು ಜಿಮ್ಮಿನ 30ರ ಜೊತೆ ಹೋಲಿಸಿ ಸಂಕಟಪಡಬೇಡಿ. ಅದೇ ಮಷೀನಿನಲ್ಲಿ ಹೋದ ತಿಂಗಳು ಎಷ್ಟಿತ್ತು, ಈ ತಿಂಗಳು ಎಷ್ಟಾಯಿತು ಎನ್ನುವುದಷ್ಟೇ ಲೆಕ್ಕ.

ಇಷ್ಟಾದರೂ 15 ಕಿಲೋಗೂ ಎರಡು ಕೈ ಸೇರಿದ 10 ಕಿಲೋಗೂ ನಡುವಿನ ಅಂತರ ಉಳಿಯಿತಲ್ಲ? ಅದರಲ್ಲಿ ಒಂದು ಪಾಲು ಸ್ನಾಯುಗಳದ್ದು. ಮೇಲಿನಿಂದ ಕೆಳಗೆ ಎಳೆಯುವಾಗ ಬೆನ್ನಿನ ಅಗಲವಾದ ಸ್ನಾಯುಗಳು ದುಡಿಯುತ್ತವೆ; ತಲೆಯ ಮೇಲಕ್ಕೆ ಎತ್ತುವಾಗ ಭುಜದ, ತೋಳಿನ ಹಿಂಭಾಗದ ಚಿಕ್ಕ ಸ್ನಾಯುಗಳು. ಉಳಿದ ಪಾಲು ದಾರಿಯದ್ದು. ಮಷೀನಿನಲ್ಲಿ ತೊಡೆಯ ಮೇಲೊಂದು ಮೆತ್ತೆ ಒತ್ತಿ ಹಿಡಿದಿರುತ್ತದೆ, ಬೆನ್ನಿಗೆ ಆಸರೆ ಇರುತ್ತದೆ, ತೂಕ ತನ್ನ ಹಳಿಯಲ್ಲೇ ಏರಿಳಿಯುತ್ತದೆ. ನಿಮ್ಮ ಪಾಲಿಗೆ ಬಿಡುವುದು ಎಳೆಯುವ ಅಥವಾ ತಳ್ಳುವ ಕೆಲಸ ಮಾತ್ರ. ಡಂಬೆಲ್ ಹಾಗಲ್ಲ. ಅದು ಮುಂದಕ್ಕೂ ಹಿಂದಕ್ಕೂ ಪಕ್ಕಕ್ಕೂ ಜಾರಲು ನೋಡುತ್ತದೆ. ಭುಜದ ಕೀಲನ್ನು ಸುತ್ತುವರಿದ ಸಣ್ಣ ಸ್ನಾಯುಗಳು ಅದನ್ನು ತಡೆಯಬೇಕು, ಹೊಟ್ಟೆ ಬಿಗಿಯಬೇಕು, ಸೊಂಟ ಅಲುಗಬಾರದು, ಪಾದ ನೆಲವನ್ನು ಹಿಡಿದಿರಬೇಕು. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ನಡೆಯುವಾಗ ತೋಳೊಂದೇ ಕೆಲಸ ಮಾಡುತ್ತಿರುತ್ತದೆಯೇ? ಇದೂ ಹಾಗೆಯೇ. ನಿಮ್ಮ ಬಲ ಕಡಿಮೆಯೇನಿಲ್ಲ. ಆ ಬಲವನ್ನು ಆಸರೆಯಿಲ್ಲದೆ ಬಳಸುವ ಅಭ್ಯಾಸ ಇನ್ನೂ ಆಗಿಲ್ಲ.

ಈಗ ನಿಮ್ಮ ಮಗನ ಮಾತಿಗೆ ಬರೋಣ. ಮಷೀನಿನಿಂದ ಏನೂ ಆಗುವುದಿಲ್ಲ ಎನ್ನುವುದು ತಪ್ಪು. ಎಷ್ಟು ತಪ್ಪು ಎಂದು ತೋರಿಸಲು ನನಗೆ ಬಹಳ ಇಷ್ಟವಾದ ಒಂದು ಪ್ರಯೋಗವಿದೆ. 1990ರಲ್ಲಿ ಪ್ರಕಟವಾದದ್ದು. ಅಮೆರಿಕದ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು 86ರಿಂದ 96 ವಯಸ್ಸಿನ, ದೇಹ ತೀರಾ ಸೊರಗಿದ್ದ 10 ಜನರನ್ನು ಆರಿಸಿಕೊಂಡರು. ರಾಟೆಗೆ ತೂಕ ಕಟ್ಟಿದ ಸಾಧನದಲ್ಲಿ ಕುರ್ಚಿಯ ಮೇಲೆ ಕೂತು ಮಂಡಿಯನ್ನು ನೆಟ್ಟಗೆ ಚಾಚುವ ಒಂದೇ ವ್ಯಾಯಾಮ, ಎಂಟು ವಾರ. ತೂಕ ಮಾತ್ರ ಅವರವರ ಶಕ್ತಿಗೆ ನಿಜಕ್ಕೂ ಭಾರವೆನಿಸುವಷ್ಟು. ಕೊನೆಯವರೆಗೆ ಉಳಿದ ಒಂಬತ್ತು ಜನರ ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು, ಅಂದರೆ ಮೊದಲಿದ್ದುದರ ಎರಡೂವರೆ ಪಟ್ಟಿಗೂ ಮೇಲೆ ಹೋಯಿತು. ಇಬ್ಬರು ಊರುಗೋಲನ್ನೇ ಬಿಟ್ಟು ನಡೆದರು. ತೊಂಬತ್ತರ ಹರೆಯದ ಸ್ನಾಯು ಹೀಗೆ ಮಾತು ಕೇಳುತ್ತದೆ ಎಂದು ವೈದ್ಯಲೋಕ ಅಲ್ಲಿಯವರೆಗೆ ಎಣಿಸಿರಲಿಲ್ಲ. ಅವರ ಕೈಗೆ ಬಾರ್ಬೆಲ್ ಕೊಟ್ಟು ನಿಲ್ಲಿಸಿದ್ದರೆ ಈ ಪ್ರಯೋಗ ನಡೆಯುವುದೇ ಸಾಧ್ಯವಿರಲಿಲ್ಲ. ನೆಟ್ಟಗೆ ನಿಲ್ಲಲಾಗದವರಿಗೂ ಭಾರವಾದ ತೂಕದ ರುಚಿ ತೋರಿಸಬಲ್ಲದ್ದು ಮಷೀನು.

ಮಷೀನಿನ ಹುಟ್ಟೂ ಹೀಗೇ ಆಯಿತು. ಸ್ವೀಡನ್ನಿನ ವೈದ್ಯ ಗುಸ್ಟಾವ್ ಸಾಂಡರ್ 1865ರಲ್ಲಿ ಸ್ಟಾಕ್‌ಹೋಮಿನಲ್ಲಿ ತೆರೆದ ಸಂಸ್ಥೆಯಲ್ಲಿ ಸನ್ನೆ, ಚಕ್ರ, ತೂಕಗಳ ಯಂತ್ರಗಳಿದ್ದವು. ಅಲ್ಲಿಗೆ ಬರುತ್ತಿದ್ದವರು ಪೈಲ್ವಾನರಲ್ಲ, ಮೈ ಬಿಗಿದುಕೊಂಡವರು, ಬೆನ್ನು ಬಾಗಿದವರು, ಚಿಕಿತ್ಸೆಗೆಂದು ಬಂದವರು. ನೂರು ವರ್ಷದ ನಂತರ ಅಮೆರಿಕದ ಆರ್ಥರ್ ಜೋನ್ಸ್ ಇನ್ನೊಂದು ಕೊರತೆಯನ್ನು ಕಂಡುಕೊಂಡ. ಡಂಬೆಲ್ ಹಿಡಿದು ಮೊಣಕೈ ಮಡಚುವಾಗ ಮುಂಗೈ ನೆಲಕ್ಕೆ ಸಮನಾಗಿರುವ ಘಟ್ಟದಲ್ಲಿ ಅತಿ ಭಾರ, ಆರಂಭದಲ್ಲೂ ಕೊನೆಯಲ್ಲೂ ಹಗುರ. ತೂಕ ಎಂದೂ ನೇರ ಕೆಳಕ್ಕೇ ಎಳೆಯುವುದರಿಂದ ಹೀಗೆ. ಜೋನ್ಸ್ ರಾಟೆಯ ಜಾಗದಲ್ಲಿ ಸುರುಳಿ ಆಕಾರದ ಬಿಲ್ಲೆ ಕೂರಿಸಿ, ಸ್ನಾಯುವಿಗೆ ಬಲ ಹೆಚ್ಚಿರುವಲ್ಲಿ ಭಾರವೂ ಹೆಚ್ಚುವಂತೆ ಮಾಡಿದ. ಆ ಬಿಲ್ಲೆ ಸಮುದ್ರದ ಚಿಪ್ಪಿನಂತೆ ಕಾಣುತ್ತಿದ್ದುದರಿಂದ 1970ರಲ್ಲಿ ಮಾರುಕಟ್ಟೆಗೆ ಬಂದ ಅವನ ಮಷೀನಿಗೆ ನಾಟಿಲಸ್ ಎಂದು ಹೆಸರಾಯಿತು. ಇಂದು ನಿಮ್ಮ ಜಿಮ್ಮಿನಲ್ಲಿರುವ ಎಷ್ಟೋ ಮಷೀನುಗಳಲ್ಲಿ ಪಕ್ಕದ ಮುಚ್ಚಳದೊಳಗೆ ಬಗ್ಗಿ ನೋಡಿದರೆ ಆ ಸುರುಳಿ ಬಿಲ್ಲೆ ಕಾಣುತ್ತದೆ.

ರಾಡು, ಡಂಬೆಲ್‌ಗಳ ವಂಶ ಬೇರೆ. ಅದು ಗರಡಿಮನೆಯ ಗದೆ, ಗುಂಡುಕಲ್ಲುಗಳ ಬಳಗ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಜಾತ್ರೆಗಳಲ್ಲಿ ಈಗಲೂ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ನಡೆಯುತ್ತದೆ. ಅಂಥ ಕಲ್ಲನ್ನು ಎತ್ತಲು ಇಡೀ ಮೈ ಒಂದಾಗಬೇಕು. ನೀವು ಕನ್ನಡ ಮೇಡಂ ಆದ್ದರಿಂದ ‘ಶಾಂತಲಾ’, ‘ರೂಪದರ್ಶಿ’ ಓದಿಯೇ ಇರುತ್ತೀರಿ. ಆ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಬಾರ್ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ಕಲಿಸಿದವರು. ಪರಸ್ಪರ ವಿರುದ್ಧ ಎಂದು ಜನ ನೋಡುತ್ತಿದ್ದ ಎರಡು ಪದ್ಧತಿಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕೆಂದು ಅವರಿಗೆ ಅನ್ನಿಸಲಿಲ್ಲ. ಅವರ ಆ ಧೋರಣೆ ನನಗೆ ಇಂದಿಗೂ ಸರಿ ಎನಿಸುತ್ತದೆ.

ಎರಡನ್ನೂ ಎದುರುಬದುರು ನಿಲ್ಲಿಸಿ ಅಳೆದವರೂ ಇದ್ದಾರೆ. 2023ರಲ್ಲಿ ನಾರ್ವೆಯ ಸಂಶೋಧಕರು ಇಂಥ 13 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಸ್ನಾಯು ಬೆಳೆಯುವ ವಿಷಯದಲ್ಲಿ ಮಷೀನಿಗೂ ಕೈತೂಕಕ್ಕೂ (ರಾಡು, ಡಂಬೆಲ್) ವ್ಯತ್ಯಾಸ ಕಾಣಲಿಲ್ಲ. ಬಲದ ವಿಷಯದಲ್ಲಿ ಮಾತ್ರ ಒಂದು ಸೂಕ್ಷ್ಮ ಕಂಡಿತು: ರಾಡು ಹಿಡಿದು ತಯಾರಾದವರು ರಾಡಿನ ಪರೀಕ್ಷೆಯಲ್ಲಿ ಮುಂದೆ, ಮಷೀನಿನಲ್ಲಿ ತಯಾರಾದವರು ಮಷೀನಿನ ಪರೀಕ್ಷೆಯಲ್ಲಿ ಮುಂದಿರುವಂತೆ ಕಂಡರು, ಖಚಿತವಾಗಿ ಹೇಳುವಷ್ಟಲ್ಲ. ಸ್ನಾಯುವಿನ ಎಳೆಗೆ ತಾನು ಎಳೆಯುತ್ತಿರುವುದು ಕೇಬಲ್ಲೋ ಡಂಬೆಲ್ಲೋ ತಿಳಿಯದು. ಎಷ್ಟು ಬಿಗಿತ ಬಿತ್ತು, ಎಷ್ಟು ದಣಿವಾಯಿತು ಎನ್ನುವುದಷ್ಟೇ ಅದಕ್ಕೆ ಮುಟ್ಟುವ ಸುದ್ದಿ. ಆದರೆ ಆ ಎಳೆಗಳನ್ನು ಯಾವ ಕ್ರಮದಲ್ಲಿ ಎಬ್ಬಿಸಬೇಕು ಎಂದು ಹೇಳುವ ಮಿದುಳು ಮತ್ತು ನರಗಳು ಅಭ್ಯಾಸ ಮಾಡಿಸಿದ್ದನ್ನಷ್ಟೇ ಕಲಿಯುತ್ತವೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ವೇಟ್‌ಲಿಫ್ಟಿಂಗ್‌ನ 56 ಕಿಲೋ ವಿಭಾಗದಲ್ಲಿ ಎರಡು ಎತ್ತುಗಳು ಸೇರಿ 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ನೆಲದಿಂದ ತಲೆಯ ಮೇಲಕ್ಕೆ ಕ್ಷಣಾರ್ಧದಲ್ಲಿ ರಾಡು ಒಯ್ಯುವ ಆ ವಿದ್ಯೆಯನ್ನು ಕಲಿಸುವ ಮಷೀನು ಎಲ್ಲೂ ಇಲ್ಲ.

ನಿಮಗೆ ಪದಕ ಬೇಕಿಲ್ಲ. ಹಾಗಾದರೆ ನಿಮಗೆ ಬಲ ಬೇಕಾಗಿರುವುದು ಯಾವ ಕೆಲಸಕ್ಕೆ? ಚಾಪೆಯಿಂದ ಕೈಯೂರದೆ ಏಳಬೇಕು. ಬಸ್ಸಿನ ಎತ್ತರದ ಮೆಟ್ಟಿಲು ಹತ್ತಬೇಕು. ಅಕ್ಕಿ ಚೀಲವನ್ನು ಜರುಗಿಸಬೇಕು. ತುಂಬಿದ ಗ್ಯಾಸ್ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ, ಕಬ್ಬಿಣವೂ ಹೆಚ್ಚುಕಡಿಮೆ ಅಷ್ಟೇ. ಒಟ್ಟು 30 ಕಿಲೋ ಆಸುಪಾಸಿನ ಆ ಭಾರವನ್ನು ಓರೆ ಮಾಡಿ ಉರುಳಿಸುವಾಗ ಯಾವ ಹಳಿಯೂ ನಿಮಗೆ ದಾರಿ ತೋರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಾಲು ಜಾರಿದಾಗ ಬೀಳದಂತೆ ತಡೆದುಕೊಳ್ಳಬೇಕು. ಮೂಳೆ ಸವೆದವರಿಗೆ ಬೀಳುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಕೂತಲ್ಲೇ ಕೂತು ಮಾಡುವ ವ್ಯಾಯಾಮದಲ್ಲಿ ತೊಡೆ ಗಟ್ಟಿಯಾಗುತ್ತದೆ ನಿಜ, ಆದರೆ ಸಮತೋಲ ಕಲಿಯಲು ನಿಲ್ಲಲೇಬೇಕು. ಈ ಜಾಗದಲ್ಲಿ ನಿಮ್ಮ ಮಗನ ಮಾತಿಗೆ ತೂಕವಿದೆ.

ಮೂಳೆಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ನೀವು ಜಿಮ್ಮಿಗೆ ಹೋದದ್ದೇ ಅದಕ್ಕಾಗಿ. ಮೂಳೆ ತನ್ನ ಮೂಲಕ ಹಾದುಹೋಗುವ ಭಾರಕ್ಕೆ ಓಗೊಡುವ ಜೀವಂತ ವಸ್ತು. ಭಾರ ಎಲ್ಲಿ ಹಾದುಹೋಯಿತೋ ಅಲ್ಲೇ ಅದು ಗಟ್ಟಿಯಾಗುತ್ತದೆ. ನಿಂತು ರಾಡನ್ನು ಎತ್ತಿದಾಗ ಭಾರ ಬೆನ್ನುಮೂಳೆ, ಸೊಂಟದ ಕೀಲು, ತೊಡೆಮೂಳೆಗಳ ಮೂಲಕ ನೆಲಕ್ಕಿಳಿಯುತ್ತದೆ. ನಮ್ಮ ಹೆಂಗಸರಲ್ಲಿ ಮುರಿಯುವುದೂ ಹೆಚ್ಚಾಗಿ ಅವೇ ಮೂಳೆಗಳು. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು ಮುಟ್ಟು ನಿಂತ, 58 ದಾಟಿದ, ಮೂಳೆಯ ಸಾಂದ್ರತೆ ಕಡಿಮೆಯಿದ್ದ 101 ಮಹಿಳೆಯರ ಮೇಲೆ ನಡೆಸಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನ ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ಎಂಟು ತಿಂಗಳು ತರಬೇತುದಾರರ ಕಣ್ಣೆದುರೇ ವ್ಯಾಯಾಮ ಮಾಡಿದರು. ಡೆಡ್‌ಲಿಫ್ಟ್ (ನೆಲದಿಂದ ರಾಡು ಎತ್ತುವುದು), ಹೆಗಲ ಮೇಲೆ ರಾಡು ಹೊತ್ತ ಬಸ್ಕಿ, ತಲೆಯ ಮೇಲಕ್ಕೆ ಪ್ರೆಸ್, ಜೊತೆಗೆ ಕಂಬಿ ಹಿಡಿದು ಜಿಗಿದು ಧೊಪ್ಪೆಂದು ಇಳಿಯುವುದು. ತೂಕ ಸಣ್ಣದಲ್ಲ: ಒಂದೇ ಸಲ ಎತ್ತಬಲ್ಲ ಗರಿಷ್ಠದ ಶೇ. 85ಕ್ಕೂ ಹೆಚ್ಚು. ಅವರ ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಶೇ. 2.9 ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿಕೊಂಡಿದ್ದವರದು ಶೇ. 1.2 ಇಳಿಯಿತು. ಗಾಯದ ಲೆಕ್ಕದಲ್ಲಿ ಬಂದದ್ದು ಒಬ್ಬರ ಬೆನ್ನು ಸ್ವಲ್ಪ ಹಿಡಿದುಕೊಂಡದ್ದು ಮಾತ್ರ.

ಇದನ್ನು ಓದಿ ನಾಳೆಯೇ ರಾಡಿನ ಬಳಿ ಹೋಗಬೇಡಿ. ಆ ಮಹಿಳೆಯರು ಮೊದಲ ತಿಂಗಳು ಬರಿಮೈ ತೂಕದಲ್ಲಿ, ಹಗುರ ಭಾರದಲ್ಲಿ ಬರೀ ಭಂಗಿ ಕಲಿತರು. ಗುಂಪು ಚಿಕ್ಕದು, ನೋಡಿಕೊಳ್ಳುವವರು ಬಲ್ಲವರು. ಅಲ್ಲಿ ಹೋಲಿಕೆಯೂ ಭಾರದ ರಾಡಿಗೂ ಹಗುರ ವ್ಯಾಯಾಮಕ್ಕೂ ನಡುವೆ ನಡೆದದ್ದು. ಮಷೀನು ಆ ಪಂದ್ಯದಲ್ಲಿ ಇರಲೇ ಇಲ್ಲ. ಹಾಗಾಗಿ ಮಷೀನು ಸೋತಿತು ಎನ್ನಲು ಬರುವುದಿಲ್ಲ. ನಿಮ್ಮ ವಯಸ್ಸಿಗೆ, ನಿಮ್ಮ ಮೂಳೆಗೆ ರಾಡು ನಿಷಿದ್ಧ ಎನ್ನುವ ಮಾತು ಮಾತ್ರ ನಿಲ್ಲುವುದಿಲ್ಲ ಎಂದು ಗಟ್ಟಿಯಾಗಿ ಹೇಳಬಹುದು. ವಯಸ್ಸಾದ ಹೆಂಗಸರ ಕೈಗೆ ಒಂದೊಂದು ಕಿಲೋದ ಗುಲಾಬಿ ಬಣ್ಣದ ಡಂಬೆಲ್ ಕೊಟ್ಟು ವರ್ಷಗಟ್ಟಲೆ ಅದರಲ್ಲೇ ನಿಲ್ಲಿಸುವುದನ್ನು ಕಂಡರೆ ನನಗೆ ನಿಜವಾಗಿಯೂ ನೋವಾಗುತ್ತದೆ. ನಾಲ್ಕು ಕಿಲೋ ತರಕಾರಿ ಚೀಲ ಹೊತ್ತು ಮಾರ್ಕೆಟ್ಟಿನಿಂದ ಮನೆಗೆ ನಡೆದು ಬರುವವರು ಇವರು.

‘ಮಷೀನೇ ಸೇಫು’ ಎನ್ನುವ ಆ ಹುಡುಗನ ಮಾತಿನಲ್ಲಿ ಹುರುಳಿಲ್ಲದಿಲ್ಲ. 1990ರಿಂದ 2007ರವರೆಗೆ ಅಮೆರಿಕದ ತುರ್ತು ಚಿಕಿತ್ಸಾ ವಿಭಾಗಗಳಿಗೆ ತೂಕದ ವ್ಯಾಯಾಮದಿಂದ ಗಾಯವಾಗಿ ಬಂದವರಲ್ಲಿ ನೂರಕ್ಕೆ 90ರಷ್ಟು ಜನ ರಾಡು, ಡಂಬೆಲ್ ಬಳಸುತ್ತಿದ್ದವರು. ಅದರಲ್ಲೂ ತೂಕ ಮೈಮೇಲೆ, ಕಾಲ ಮೇಲೆ ಬಿದ್ದದ್ದೇ ಹೆಚ್ಚು. ಎಷ್ಟು ಜನ ಯಾವುದನ್ನು ಬಳಸುತ್ತಿದ್ದರು ಎನ್ನುವುದು ಆ ಅಂಕಿಯಲ್ಲಿಲ್ಲ, ಆದರೂ ಜಾರುವ ಕೈ, ಬೀಳುವ ಪ್ಲೇಟು ನಿಜವಾದ ಅಪಾಯ. ಬೆಂಚಿನ ಮೇಲೆ ಮಲಗಿ ಒಬ್ಬರೇ ರಾಡು ಎತ್ತುವುದಂತೂ ಬೇಡವೇ ಬೇಡ. ಎದೆಯ ಮೇಲೆ ಸಿಕ್ಕಿಕೊಂಡರೆ ಎತ್ತಲು ಇನ್ನೊಂದು ಜೊತೆ ಕೈ ಇರಬೇಕು, ಇಲ್ಲವೇ ಎರಡೂ ಬದಿ ತಡೆಕಂಬಿ ಇರಬೇಕು.

ಹಾಗೆಂದು ಮಷೀನಿನಲ್ಲಿ ಮೈಮರೆಯಲೂ ಆಗದು. 1985ರಲ್ಲಿ ಕೆನಡಾದ ಸಂಶೋಧಕರು ಐದು ಜನ ದೇಹದಾರ್ಢ್ಯಪಟುಗಳ ರಕ್ತನಾಳದೊಳಗೇ ಸೂಜಿಯಿಟ್ಟು ವ್ಯಾಯಾಮದ ನಡುವೆ ರಕ್ತದೊತ್ತಡ ಅಳೆದರು. ಅತಿ ಹೆಚ್ಚು ಏರಿದ್ದು ಎರಡೂ ಕಾಲಿನ ಲೆಗ್ ಪ್ರೆಸ್ಸಿನಲ್ಲಿ: ಸರಾಸರಿ 320/250. ಆರಾಮವಾಗಿ ಒರಗಿ ಕೂತು ಮಾಡುವ ಮಷೀನು ಅದು! ಅವರು ಅತಿ ಭಾರವನ್ನು ಇನ್ನಾಗದು ಎನ್ನುವವರೆಗೂ ತಳ್ಳುತ್ತಿದ್ದ ಪಟುಗಳು. ನಿಮಗೆ ಹೀಗಾಗುತ್ತದೆ ಎಂದು ಅರ್ಥವಲ್ಲ. ಆದರೆ ಉಸಿರು ಬಿಗಿಹಿಡಿದು ತಿಣುಕಿದರೆ ಒತ್ತಡ ಎಲ್ಲಿ ಕೂತಿದ್ದರೂ ಏರುತ್ತದೆ. ತಳ್ಳುವಾಗ ಉಸಿರು ಬಿಡಿ, ಇಳಿಸುವಾಗ ತೆಗೆದುಕೊಳ್ಳಿ. ಬಿಪಿ ಇದ್ದರೆ ಅದು ಹತೋಟಿಗೆ ಬಂದಮೇಲೆಯೇ ಭಾರದ ಕಡೆ ಹೋಗಿ.

ಮಷೀನಿನ ಇನ್ನೊಂದು ತೊಡಕನ್ನು ಟ್ರೈನರುಗಳು ಗಮನಿಸುವುದೇ ಅಪರೂಪ. ಎಷ್ಟೋ ಮಷೀನುಗಳು ಎತ್ತರದ ಗಂಡಸರ ಅಳತೆಯವು. ಐದಡಿಯ ಹೆಂಗಸು ಕೂತರೆ ಪಾದ ತೇಲುತ್ತದೆ, ಹಿಡಿ ಎದೆಯ ಬದಲು ಕುತ್ತಿಗೆಯ ಮಟ್ಟಕ್ಕೆ ಬರುತ್ತದೆ. ಮಂಡಿ ಚಾಚುವ ಮಷೀನಿನಲ್ಲಿ ಅದರ ತಿರುಗುಕೀಲೂ ನಿಮ್ಮ ಮಂಡಿಯ ಕೀಲೂ ಒಂದೇ ಸಾಲಿನಲ್ಲಿರಬೇಕು. ತಪ್ಪಿದರೆ ಪ್ರತಿ ಸಲವೂ ಮಂಡಿಯ ಮೇಲೆ ಬೇಡದ ಎಳೆತ ಬೀಳುತ್ತದೆ. ಕುರ್ಚಿಯ ಬೆನ್ನನ್ನು ಮುಂದಕ್ಕೆ ತರುವ ಪಿನ್ ಎಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಿ. ಕಾಲಡಿ ಒಂದು ಮಣೆ ಇಟ್ಟುಕೊಳ್ಳಲು ಸಂಕೋಚ ಬೇಡ. ಎಷ್ಟು ಸರಿಮಾಡಿದರೂ ಕೀಲು ನೋಯುವ ಮಷೀನನ್ನು ಬಿಟ್ಟುಬಿಡಿ, ಅದೇ ಕೆಲಸವನ್ನು ಡಂಬೆಲ್ಲಿನಲ್ಲಿ ಮಾಡಿದರಾಯಿತು. ಡಂಬೆಲ್ಲಿಗೆ ಎಲ್ಲರ ಅಳತೆಯೂ ಸರಿಹೊಂದುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಮಾಡುತ್ತಿದ್ದುದು ಇದು. ಸದ್ಯಕ್ಕೆ ಮಷೀನುಗಳನ್ನು ಬಿಡುತ್ತಿರಲಿಲ್ಲ. ಲೆಗ್ ಪ್ರೆಸ್, ಮೇಲಿನಿಂದ ಎಳೆಯುವುದು, ಎದೆಯ ಮುಂದೆ ತಳ್ಳುವುದು, ಈ ಮೂರನ್ನು ವಾರಕ್ಕೆ ಎರಡು ದಿನ ಮಾಡಿ, ಭಾರವನ್ನು ಮಾತ್ರ ಮುಲಾಜಿಲ್ಲದೆ ಏರಿಸುತ್ತಿದ್ದೆ. ಎಂಟರಿಂದ ಹನ್ನೆರಡು ಸಲ ಎತ್ತುವಷ್ಟು ತೂಕ. ಮುಗಿಸಿದಾಗ ಇನ್ನೆರಡು ಸಲ ಕಷ್ಟಪಟ್ಟು ಆಗುತ್ತಿತ್ತು ಎನಿಸಬೇಕು. ಹನ್ನೆರಡು ಸಲೀಸಾದ ದಿನ ಪಿನ್ ಒಂದು ಪಟ್ಟಿ ಕೆಳಗೆ. ಅದೇ ದಿನಗಳಲ್ಲಿ ಮೈ ದಣಿಯುವ ಮೊದಲೇ, ಅಂದರೆ ಮಷೀನಿಗೆ ಕೂರುವ ಮುಂಚೆಯೇ, ನಿಂತು ಮಾಡುವ ಕೈತೂಕದ ಅಭ್ಯಾಸ: ಒಂದು ಡಂಬೆಲ್ಲನ್ನು ಎದೆಗವಚಿ ಕುರ್ಚಿಗೆ ತಾಗಿ ಏಳುವುದು, ಎರಡೂ ಕೈಯಲ್ಲಿ ಡಂಬೆಲ್ ತಲೆಯ ಮೇಲಕ್ಕೆ ಒಯ್ಯುವುದು, ಸೊಂಟದಿಂದ ಬಗ್ಗಿ ತೂಕ ಎತ್ತುವುದು. ಐದು ಕಿಲೋ ಆಗುವುದಿಲ್ಲ ಎಂದಿರಲ್ಲ, ಮೂರರಲ್ಲಿ ಶುರು ಮಾಡಿ. ಜಿಮ್ಮಿನ ಉದ್ದನೆಯ ರಾಡಿಗೆ ಪ್ಲೇಟು ಹಾಕದಿದ್ದರೂ ಸಾಮಾನ್ಯವಾಗಿ 20 ಕಿಲೋ ಇರುತ್ತದೆ, ಮಹಿಳೆಯರ ಸ್ಪರ್ಧೆಯ ರಾಡು 15 ಕಿಲೋ. ಅಲ್ಲಿಯವರೆಗಿನ ಮೆಟ್ಟಿಲುಗಳನ್ನು ಡಂಬೆಲ್ಲಿನಲ್ಲೇ ಹತ್ತಬೇಕು. ತಿಂಗಳು ಕಳೆದಂತೆ ಕೈತೂಕದ ಪಾಲು ಹೆಚ್ಚಿಸುತ್ತಾ, ಮಷೀನಿನ ಪಾಲು ಇಳಿಸುತ್ತಾ ಹೋಗಿ. ಮಷೀನನ್ನು ಪೂರ್ತಿ ಬಿಡುವ ಅಗತ್ಯ ಯಾವತ್ತೂ ಬರಲಾರದು. ನೆಗಡಿಯಾಗಿ ಎದ್ದ ವಾರ, ಮಂಡಿ ಊದಿದ ದಿನ ಅದೇ ನಿಮ್ಮ ಕೈಹಿಡಿಯುತ್ತದೆ.

ಶುರು ಮಾಡುವ ಮೊದಲು ಡಾಕ್ಟರನ್ನು ಒಂದು ಪ್ರಶ್ನೆ ಸ್ಪಷ್ಟವಾಗಿ ಕೇಳಿ: ಬೆನ್ನುಮೂಳೆಯಲ್ಲಿ ಎಲ್ಲಾದರೂ ಕುಸಿತ, ಬಿರುಕು ಇದೆಯೇ? ಇದ್ದರೆ ಈ ಲೆಕ್ಕವೆಲ್ಲ ಬೇರೆ. ಫಿಸಿಯೋಥೆರಪಿಸ್ಟ್ ಹೇಳಿದಂತೆ ನಡೆಯಬೇಕು. ಇಲ್ಲದಿದ್ದರೂ ಬೆನ್ನನ್ನು ಗೂನು ಮಾಡಿ ಭಾರ ಎತ್ತುವುದು, ಮಲಗಿ ಹೊಟ್ಟೆ ಮಡಚಿ ಏಳುವುದು, ಭಾರ ಹಿಡಿದು ಸೊಂಟ ತಿರುಚುವುದು, ಈ ಮೂರು ನಿಮಗೆ ಬೇಡ.

ಸೊಂಟದಿಂದ ಬಗ್ಗುವುದನ್ನು ಮನೆಯಲ್ಲೇ ಕಲಿಯಬಹುದು. ಒಂದು ಉದ್ದನೆಯ ಕೋಲನ್ನು ಬೆನ್ನ ಹಿಂದೆ ನೆಟ್ಟಗೆ ಹಿಡಿಯಿರಿ. ತಲೆಯ ಹಿಂಭಾಗ, ಬೆನ್ನಿನ ನಡು, ಪೃಷ್ಠದ ಮೂಳೆ ಮೂರೂ ಕಡೆ ತಾಗಬೇಕು. ಮಂಡಿ ತುಸು ಸಡಿಲಿಸಿ, ಪೃಷ್ಠವನ್ನು ಹಿಂದಿನ ಗೋಡೆಗೆ ತಾಗಿಸಲು ಹೊರಟವರಂತೆ ಹಿಂದಕ್ಕೆ ತಳ್ಳುತ್ತಾ ಬಗ್ಗಿ. ಕೋಲು ಎಲ್ಲಿ ಬಿಟ್ಟುಕೊಂಡಿತು ಎಂದು ಮಗ ಪಕ್ಕದಲ್ಲಿ ನಿಂತು ನೋಡಿ ಹೇಳಲಿ. ಮೂರು ಕಡೆಯೂ ತಾಗಿಕೊಂಡೇ ಹತ್ತು ಸಲ ಬಗ್ಗಿ ಏಳಲು ಬಂದಮೇಲೆ, ಜಿಮ್ಮಿನಲ್ಲಿ ಮೊದಲು ಡಂಬೆಲ್ ಹಿಡಿದು, ಅದು ಹಗುರವೆನಿಸಿದ ವಾರ ಮಂಡಿಯೆತ್ತರದ ಆಸರೆಯ ಮೇಲೆ ಪ್ಲೇಟಿಲ್ಲದ ರಾಡು ಇಡಿಸಿ, ಅಲ್ಲಿಂದ ಎತ್ತಿಸಲು ಆ ಟ್ರೈನರ್ ಹುಡುಗನಿಗೇ ಹೇಳಿ.